ಸುಣ್ಣದ ವೃತ್ತ

2020ರ ಯುಗಾದಿ ನೆನಪಿದೆಯೇ? ಮಾರ್ಚ್ 25. ಹಿಂದಿನ ರಾತ್ರಿಯಷ್ಟೇ ಪ್ರಧಾನಿ 21 ದಿನಗಳ ಲಾಕ್‌ಡೌನ್ ಘೋಷಿಸಿದ್ದರು. ಬೇವು ಮರದಲ್ಲೇ ಇತ್ತು. ಬೆಲ್ಲಕ್ಕೆ ಮಾತ್ರ ಅಂಗಡಿಗೇ ಹೋಗಬೇಕು.

ನಮ್ಮ ಬೀದಿಯ ಕಿರಾಣಿ ಅಂಗಡಿಯ ಮುಂದೆ ಸುಣ್ಣದ ವೃತ್ತಗಳು. ಒಬ್ಬರಿಗೊಂದು. ಬಿಸಿಲೇರಿದಂತೆ ಜನ ಚಪ್ಪಲಿ, ಕೈಚೀಲಗಳನ್ನು ವೃತ್ತದೊಳಗೆ ಬಿಟ್ಟು ಹೊಂಗೆಮರದ ನೆರಳಿಗೆ ಸರಿದರು. ಅಲ್ಲಿ ಭುಜಕ್ಕೆ ಭುಜ ತಾಗಿಸಿ ಹರಟೆ! ಅಂತರ ಕಾಯ್ದುಕೊಂಡದ್ದು ಚಪ್ಪಲಿಗಳು ಮಾತ್ರ. ನಾನೂ ಆ ಹರಟೆಯಲ್ಲಿದ್ದೆ, ಸುಳ್ಳೇಕೆ ಹೇಳಲಿ.

ನಾನು ಐದು ಕೆಜಿ ತೊಗರಿಬೇಳೆ ಕೇಳಿದೆ. ಅಂಗಡಿಯಾತ ಎರಡೇ ಕೆಜಿ ತೂಗಿದ. “ಹಿಂದೆ ಇನ್ನೂ ಹನ್ನೊಂದು ಜೊತೆ ಚಪ್ಪಲಿ ಇದಾವೆ, ಅಕ್ಕ” ಎಂದ. ನಾಚಿಕೆಯಾಯಿತು.

ಆ ಹನ್ನೊಂದರಲ್ಲಿ ಸಿಮೆಂಟು ಮೆತ್ತಿದ ಹವಾಯಿ ಚಪ್ಪಲಿ ಒಂದಿತ್ತು. ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸಕ್ಕೆಂದು ರಾಯಚೂರಿನ ಕಡೆಯಿಂದ ಬಂದವನದು. ಕೆಲಸ ನಿಂತಿತ್ತು, ಕೂಲಿಯೂ. ಮೇ ಮೊದಲ ವಾರ ಮೆಜೆಸ್ಟಿಕ್‌ನಿಂದ ಕಾರ್ಮಿಕರಿಗೆ ಉಚಿತ ಬಸ್ ಬಿಟ್ಟಾಗ ಹೆಂಡತಿ, ಮಗು, ಗಂಟುಮೂಟೆ ಸಮೇತ ಹೊರಟುಬಿಟ್ಟ.

ಮೊದಲ ಮಳೆಗೆ ಸುಣ್ಣ ತೊಳೆದುಹೋಯಿತು. ಮಾರನೆಯ ದಿನವೂ ಜನ ಅದೇ ಜಾಗಗಳಲ್ಲಿ, ಇಲ್ಲದ ವೃತ್ತದೊಳಗೆ, ಚಪ್ಪಲಿ ಬಿಟ್ಟರು.