ಆಕಾಶಕ್ಕೂ ಬದು ಉಂಟು
(ಗೋಕಾಕದಲ್ಲಿ ಮಾಡಿದ ಭಾಷಣದ ಪಠ್ಯ)



ಹೊಲದ ಬದುವಿನ ತಕರಾರು ಕಾಣದ ಊರು ನಮ್ಮ ಸೀಮೆಯಲ್ಲಿ ಇರಲಾರದು. ಗೇಣು ನೆಲಕ್ಕಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಆದರೆ ಬದುವಿನ ಮೇಲಿನ ಗಾಳಿ ಯಾರದೆಂದು ಯಾರೂ ದಾವೆ ಹೂಡಿದ್ದಿಲ್ಲ. ದೇಶದೇಶಗಳ ನಡುವೆ ಮಾತ್ರ ಹಾಗಲ್ಲ. ಅಲ್ಲಿ ಗಾಳಿಗೂ ಬದುವಿದೆ, ಆ ಬದುವಿಗೂ ಕಾವಲಿದೆ.

ವಿಮಾನ ಬರುವ ಮೊದಲು ಈ ಪ್ರಶ್ನೆಗೆ ಅಷ್ಟು ಮಹತ್ವವಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮುಗಿಲಿನಿಂದ ಬಾಂಬು ಬೀಳತೊಡಗಿದ ಮೇಲೆ ಎಲ್ಲರಿಗೂ ಎಚ್ಚರವಾಯಿತು. 1919ರ ಪ್ಯಾರಿಸ್ ಒಪ್ಪಂದವೂ 1944ರ ಶಿಕಾಗೋ ಒಪ್ಪಂದವೂ ಒಂದೇ ಮಾತು ಹೇಳಿದವು: ನೆಲ ಯಾವ ದೇಶದ್ದೋ ಅದರ ಮೇಲಿನ ಆಕಾಶವೂ ಆ ದೇಶದ್ದೇ. ಇಂದಿನ ಕಾನೂನಿನಂತೆ ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರುವರೆಗಿನ ಕಡಲಿನ ಮೇಲೂ ಈ ಹಕ್ಕು ಇರಬಹುದು. ಅದರಾಚೆ ತೆರೆದ ಕಡಲಿನ ಮೇಲೆ ಯಾರು ಬೇಕಾದರೂ ಹಾರಬಹುದು. ಮೇಲೆ ಬಾಹ್ಯಾಕಾಶವೂ ಯಾರ ಸೊತ್ತೂ ಅಲ್ಲವೆಂದು 1967ರ ಒಪ್ಪಂದ ಸಾರಿತು. ಆದರೆ ಆಕಾಶ ಎಲ್ಲಿ ಮುಗಿದು ಬಾಹ್ಯಾಕಾಶ ಎಲ್ಲಿ ಶುರುವಾಗುತ್ತದೆ ಎಂಬುದನ್ನು ದೇಶಗಳು ಇನ್ನೂ ಕೂಡಿ ಗೊತ್ತುಮಾಡಿಲ್ಲ.

ಇದೆಲ್ಲ ದೂರದ ಮಾತೆನಿಸಬಹುದು. ಆದರೆ ಈ ಕಥೆಯ ಒಂದು ಅಧ್ಯಾಯ ನಮ್ಮ ಜಿಲ್ಲೆಯಲ್ಲೇ ನಡೆದಿದೆ. 1961ರವರೆಗೆ ಖಾನಾಪುರದ ಕಾಡಿನಾಚೆ ಇದ್ದದ್ದು ಪರದೇಶ. ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ 20ಕ್ಕೂ ಹೆಚ್ಚು ಜನ ಸತ್ತರು. ಭಾರತ ಗಡಿಯನ್ನು ಬಿಗಿದು ಮುಚ್ಚಿತು. ಕ್ಯಾಸಲ್‌ರಾಕ್‌ನಿಂದ ಮರ್ಮಗೋವಾಕ್ಕೆ ಇಳಿಯುತ್ತಿದ್ದ ರೈಲು ನಿಂತಿತು. ಗಡಿಯ ಎರಡೂ ಕಡೆ ನೆಂಟಸ್ತನ, ವ್ಯಾಪಾರ, ಕೂಲಿ ಇಟ್ಟುಕೊಂಡಿದ್ದ ಜನರ ಪಾಲಿಗೆ ಹತ್ತಿರದ ಊರು ದೂರವಾಯಿತು.

ಆಗ ಪೋರ್ಚುಗೀಸರು ಮಾಡಿದ್ದೇನು? ದಾಬೋಲಿಂ ವಿಮಾನ ನಿಲ್ದಾಣವನ್ನು ಕಟ್ಟಿ, ತಮ್ಮದೇ ಒಂದು ವಿಮಾನ ಸಂಸ್ಥೆಯನ್ನು ತೆರೆದು, ಕರಾಚಿಗೆ ಹಾರಾಟ ನಡೆಸಿದರು. ನೆಲದ ದಾರಿ ಮುಚ್ಚಿದರೂ ಕಡಲಿನ ಮೇಲಿನ ದಾರಿ ತೆರೆದೇ ಇತ್ತು.

1961ರ ಡಿಸೆಂಬರ್ 18ರ ಬೆಳಿಗ್ಗೆ ಬೆಳಗಾವಿಯ ಸಾಂಬ್ರಾ ನೆಲೆಯಿಂದ ನಮ್ಮ ಹಂಟರ್ ವಿಮಾನಗಳು ಎದ್ದು ಬಾಂಬೋಲಿಂನ ನಿಸ್ತಂತು ಕೇಂದ್ರವನ್ನು ಹೊಡೆದವು. ಪುಣೆಯಿಂದ ಬಂದ ಕ್ಯಾನ್‌ಬೆರಾ ವಿಮಾನಗಳು ದಾಬೋಲಿಂನ ರನ್‌ವೇ ಮೇಲೆ ಬಾಂಬು ಹಾಕಿದವು. ನಿಲ್ದಾಣದ ಕಟ್ಟಡಕ್ಕೆ ಧಕ್ಕೆಯಾಗಬಾರದೆಂದು ಅಪ್ಪಣೆಯಿತ್ತು; ನಾಳೆ ಅದು ನಮ್ಮದೇ ಆಗಲಿತ್ತಲ್ಲ! ಆ ರಾತ್ರಿ ಅಲ್ಲಿ ಉಳಿದಿದ್ದ ಎರಡು ಪ್ರಯಾಣಿಕ ವಿಮಾನಗಳು ಕತ್ತಲಲ್ಲಿ ಎದ್ದು ಕಡಲಿನ ಮೇಲಿಂದ ಕರಾಚಿಗೆ ತಪ್ಪಿಸಿಕೊಂಡವು. ಮರುದಿನ ಗೋವಾ ಶರಣಾಯಿತು. ಆದರೆ ಆ ನೆಲ ಭಾರತದ್ದೆಂದು ಪೋರ್ಚುಗಲ್ ಒಪ್ಪಿ ಸಹಿ ಹಾಕಿದ್ದು 1974ರ ಕೊನೆಯಲ್ಲಿ. ಎರಡು ದಿನದಲ್ಲಿ ಗೆದ್ದ ನೆಲ ಕಾಗದದ ಮೇಲೆ ನಮ್ಮದಾಗಲು 13 ವರ್ಷ ಹಿಡಿಯಿತು.

ನೆಲದ ಜಗಳ ಮುಗಿಲಿಗೆ ಏರುವುದು ಅಲ್ಲಿಗೇ ನಿಲ್ಲಲಿಲ್ಲ. 1971ರಲ್ಲಿ ನಮ್ಮ ವಿಮಾನವೊಂದನ್ನು ಲಾಹೋರಿಗೆ ಅಪಹರಿಸಿ ಸುಟ್ಟ ಮೇಲೆ ಭಾರತ ತನ್ನ ಆಕಾಶವನ್ನು ಪಾಕಿಸ್ತಾನಕ್ಕೆ ಮುಚ್ಚಿತು. ಆಗ ಕರಾಚಿಯಿಂದ ಢಾಕಾಕ್ಕೆ ಹೋಗುವ ವಿಮಾನಗಳು ಸಿಂಹಳವನ್ನು ಸುತ್ತಬೇಕಾಯಿತು. ಒಂದೇ ದೇಶದ ಎರಡು ಭಾಗಗಳ ನಡುವೆ ಎಂಥ ದೂರ! 2019ರಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ತಿಂಗಳುಗಟ್ಟಲೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಹತ್ಯೆಯ ಬಳಿಕ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ಬಾಗಿಲು ಹಾಕಿದವು. ದಿಲ್ಲಿಯಿಂದ ಯುರೋಪಿಗೆ ಹೊರಟ ನಮ್ಮ ವಿಮಾನಗಳು ಸುತ್ತುದಾರಿ ಹಿಡಿದವು. ಹೆಚ್ಚು ಸುಟ್ಟ ಎಣ್ಣೆಯ ಲೆಕ್ಕ ಕೊನೆಗೆ ಬರುವುದು ಟಿಕೆಟ್ಟಿನ ಮೇಲೆಯೇ.

ಈಗ ಮನೆಯ ಮಾತು. ನಮ್ಮ ಜಿಲ್ಲೆಗೂ ಗಡಿಯ ತಕರಾರು ಹೊಸದಲ್ಲ. ಬೆಳಗಾವಿ ಇಲ್ಲಿಯೇ ಇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಎಷ್ಟೋ ಸಲ ಬಸ್ಸುಗಳು ನಿಂತಿವೆ, ಕಲ್ಲುಗಳು ತೂರಿವೆ. ಆದರೆ ಸಾಂಬ್ರಾದಿಂದ ಮುಂಬಯಿಗೆ ವಿಮಾನ ಹಾರಲು ಮಹಾರಾಷ್ಟ್ರದ ಅಪ್ಪಣೆ ಬೇಕಿಲ್ಲ. ವಿಮಾನ ಸಂಚಾರವನ್ನು ಸಂವಿಧಾನ ಕೇಂದ್ರದ ಪಟ್ಟಿಗೆ ಸೇರಿಸಿದೆ. ನಮಗೂ ಮಹಾರಾಷ್ಟ್ರಕ್ಕೂ ನೆಲದಲ್ಲಿ ಎಲ್ಲೆಯಿದೆ, ಮುಗಿಲಿನಲ್ಲಿ ಇಲ್ಲ.

ಇದು ಸಣ್ಣ ಭಾಗ್ಯವಲ್ಲ. ಪರದೇಶದ ಬದು ಎಂದರೇನೆಂದು ಕ್ಯಾಸಲ್‌ರಾಕ್‌ನಲ್ಲಿ ನಿಂತ ರೈಲು ಒಮ್ಮೆ ನಮಗೆ ತೋರಿಸಿದೆ. ರಾಜ್ಯದ ಎಲ್ಲೆ ಯಾವುದೆಂಬುದನ್ನು ಕಾನೂನು ತೀರ್ಮಾನಿಸಲಿ. ಅದು ಬಸ್ಸು ತಡೆಯುವ, ನೆಂಟರನ್ನು ಅಗಲಿಸುವ ಗೋಡೆಯಾಗದಂತೆ ಕಾಯುವ ಹೊಣೆ ಮಾತ್ರ ಗಡಿಯಲ್ಲಿ ಬಾಳುವ ನಮ್ಮದು.