ಅಂಗಡಿಯ ಮುಂಭಾಗ ಮತ್ತು ಪಂಚಾಯಿತಿಯ ಹೊಣೆ: ಮೆಜೆಸ್ಟಿಕ್ ನೀಡುವ ಪಾಠ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕೆಲಸದ ನಿಮಿತ್ತ ರಾಜಧಾನಿಗೆ ಹೋದವರೆಲ್ಲರೂ ಮೆಜೆಸ್ಟಿಕ್ ಅನ್ನು ಬಲ್ಲರು. ಹಿಂದೆ ಧರ್ಮಾಂಬುಧಿ ಕೆರೆಯಿದ್ದ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಒಂದು ಚಿತ್ರಮಂದಿರದ ಹೆಸರು ಇಡೀ ಪ್ರದೇಶದ ಹೆಸರಾಗಿ ಉಳಿದಿದೆ. ಸುತ್ತಲಿನ ಗಾಂಧಿನಗರ, ಉಪ್ಪಾರಪೇಟೆ, ಬಳೇಪೇಟೆ, ಚಿಕ್ಕಪೇಟೆಗಳಲ್ಲಿ ಬ್ಯಾಗು, ಬಟ್ಟೆ, ಪಾತ್ರೆ, ವಾದ್ಯ ಮಾರುವ ಸಣ್ಣ ಮಳಿಗೆಗಳು ಒಂದಕ್ಕೊಂದು ಅಂಟಿಕೊಂಡಿವೆ. ದಾರಿಹೋಕನು ಒಳಗೆ ಬರುವನೋ ಮುಂದಕ್ಕೆ ನಡೆಯುವನೋ ಎಂಬುದು ಅಂಗಡಿಯ ಮುಂಭಾಗವನ್ನು ಕಂಡ ಕ್ಷಣದಲ್ಲಿಯೇ ತೀರ್ಮಾನವಾಗುತ್ತದೆ.

ಈ ಮುಂಭಾಗ ಯಾರಿಗೆ ಸೇರಿದ್ದು ಎಂಬುದೇ ಇಂದಿನ ವಿಷಯದ ತಿರುಳು. ಬಾಗಿಲು, ಗೋಡೆ, ನಾಮಫಲಕ ಅಂಗಡಿಯವರದು. ಅದರ ಮುಂದಿನ ಚರಂಡಿ, ಅದರ ಮೇಲಿನ ಹಾಸುಗಲ್ಲು, ಕಾಲುದಾರಿ, ಬೀದಿದೀಪ ಸ್ಥಳೀಯ ಸಂಸ್ಥೆಯದು. ಒಂದು ಅರ್ಧ ಕೆಟ್ಟರೆ ಇನ್ನೊಂದು ಅರ್ಧಕ್ಕೆ ಮಾಡಿದ ವೆಚ್ಚ ವ್ಯರ್ಥವಾಗುತ್ತದೆ. ಹೊಸ ಫಲಕದ ಕೆಳಗೆ ಕೊಳಚೆ ನೀರು ನಿಂತಿದ್ದರೆ ಗಿರಾಕಿ ಅತ್ತ ಸುಳಿಯುವುದಿಲ್ಲ.

ಮೆಜೆಸ್ಟಿಕ್ ಪ್ರದೇಶದ ಅಂಗಡಿಯವರು ಇತ್ತೀಚಿನ ವರ್ಷಗಳಲ್ಲಿ ಎದುರಿಸಿದ ದೊಡ್ಡ ಬದಲಾವಣೆ ನಾಮಫಲಕದ್ದು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ರ ಪ್ರಕಾರ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಇದಕ್ಕೆ 2024ರ ಫೆಬ್ರವರಿ 28ರ ಗಡುವು ನೀಡಿತು. ಉದ್ದೇಶ ನ್ಯಾಯವಾದುದು, ನಾಡಿನ ಭಾಷೆ ನಾಡಿನ ಬೀದಿಯಲ್ಲಿ ಕಾಣಲೇಬೇಕು. ಆದರೆ ಫಲಕದ ವೆಚ್ಚ ಅಂಗಡಿಯವರ ಮೇಲೆಯೇ ಬಿದ್ದಿತು. ದೊಡ್ಡ ಮಳಿಗೆಗೆ ಅದು ಲೆಕ್ಕಕ್ಕೆ ಬಾರದ ಮೊತ್ತ. ಹತ್ತು ಅಡಿ ಅಗಲದ ಬಾಡಿಗೆ ಅಂಗಡಿಗೆ ಅದು ದಾಸ್ತಾನಿಗೆಂದು ಎತ್ತಿಟ್ಟ ಹಣ.

ಈ ಅಧಿನಿಯಮ ಇಡೀ ರಾಜ್ಯಕ್ಕೆ ಅನ್ವಯಿಸುತ್ತದೆ. ಆದ್ದರಿಂದ ತಮ್ಮ ಪಂಚಾಯಿತಿಯ ಬಸ್ ನಿಲ್ದಾಣದ ಬಳಿಯ ಅಂಗಡಿಸಾಲಿಗೂ ಇದೇ ಪ್ರಶ್ನೆ ಬರುತ್ತದೆ. ಕಡಿಮೆ ವೆಚ್ಚವೆಂದು ತರಾತುರಿಯಲ್ಲಿ ಫ್ಲೆಕ್ಸ್ ಕಟ್ಟಿದರೆ, 2016ರ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯನ್ನು ಉಲ್ಲಂಘಿಸಿದಂತಾಗುತ್ತದೆ. ತಗಡು ಅಥವಾ ಮರದ ಮೇಲೆ ಬಣ್ಣದಲ್ಲಿ ಬರೆಸಿದ ಫಲಕ ಹೆಚ್ಚು ಕಾಲ ಬಾಳುತ್ತದೆ. ಊರಿನ ಬರಹಗಾರ ಕಲಾವಿದನಿಗೂ ಕೆಲಸ ಸಿಗುತ್ತದೆ.

ಹೊರದೇಶಗಳಲ್ಲಿ ಸ್ಥಳೀಯ ಸಂಸ್ಥೆಗಳು ಈ ಹೊರೆಯನ್ನು ಹಂಚಿಕೊಂಡ ಉದಾಹರಣೆಗಳಿವೆ. ಇಂಗ್ಲೆಂಡಿನಲ್ಲಿ 2020ರಿಂದ 2024ರವರೆಗೆ 60ಕ್ಕೂ ಹೆಚ್ಚು ಹಳೆಯ ಪೇಟೆಬೀದಿಗಳ ಪುನರುಜ್ಜೀವನಕ್ಕೆ 9.5 ಕೋಟಿ ಪೌಂಡ್‌ಗಳ ಸರ್ಕಾರಿ ಯೋಜನೆ ನಡೆಯಿತು. ಅಲ್ಲಿನ ಅನೇಕ ಸ್ಥಳೀಯ ಮಂಡಳಿಗಳು ಅಂಗಡಿ ಮುಂಭಾಗದ ದುರಸ್ತಿಗೆ ಅನುದಾನ ನೀಡುತ್ತವೆ. ವೆಚ್ಚದ ಒಂದು ಪಾಲನ್ನು ಮಂಡಳಿ ಭರಿಸುತ್ತದೆ, ಉಳಿದುದನ್ನು ಅಂಗಡಿಯವರು ಹಾಕುತ್ತಾರೆ. ದರಪಟ್ಟಿಗಳನ್ನು ತರಿಸಿ, ಕಟ್ಟಡದ ಮಾಲೀಕರ ಒಪ್ಪಿಗೆ ಪಡೆದು, ಕೆಲಸ ಮುಗಿದ ಮೇಲೆ ಬಿಲ್ಲು ಪರಿಶೀಲಿಸಿ ಹಣ ಬಿಡುಗಡೆ ಮಾಡುವುದು ಸಾಮಾನ್ಯ ಕ್ರಮ.

ಈ ಕ್ರಮದಲ್ಲಿಯೂ ಎರಡು ತೊಡಕುಗಳಿವೆ. ಮೊದಲನೆಯದು, ಕೆಲಸ ಮುಗಿದ ಮೇಲೆ ಹಣ ಬರುವುದಾದರೆ ಮೊದಲು ಕೈಯಿಂದ ಹಾಕಬಲ್ಲವನೇ ಅರ್ಜಿ ಸಲ್ಲಿಸುತ್ತಾನೆ. ನೆರವು ಯಾರಿಗೆ ಅಗತ್ಯವೋ ಅವನು ಹೊರಗುಳಿಯುತ್ತಾನೆ. ಎರಡನೆಯದು, ಸಾರ್ವಜನಿಕ ಹಣದಿಂದ ಮಳಿಗೆ ಅಂದವಾದ ಮೇಲೆ ಮಾಲೀಕರು ಬಾಡಿಗೆ ಏರಿಸಿದರೆ ಬಾಡಿಗೆದಾರನೇ ಜಾಗ ಖಾಲಿ ಮಾಡಬೇಕಾಗುತ್ತದೆ. ನೆರವಿನ ಷರತ್ತುಗಳಲ್ಲಿ ಇವೆರಡಕ್ಕೂ ಉತ್ತರವಿರದಿದ್ದರೆ ಯೋಜನೆ ಉಳ್ಳವರ ಪಾಲಾಗುತ್ತದೆ.

ಹಾಗಾದರೆ ಗ್ರಾಮ ಪಂಚಾಯಿತಿ ಮಾಡಬಹುದಾದದ್ದೇನು? ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಮಾರುಕಟ್ಟೆ ಮತ್ತು ಜಾತ್ರೆಗಳೂ, ಸಣ್ಣ ಕೈಗಾರಿಕೆಗಳೂ ಸೇರಿವೆ. 15ನೇ ಹಣಕಾಸು ಆಯೋಗದ 2021–26ರ ಅವಧಿಯ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿರ್ಬಂಧಿತವಾಗಿತ್ತು. ಉಳಿದ ಶೇ 40ನ್ನು ವೇತನ ಹಾಗೂ ಆಡಳಿತ ವೆಚ್ಚ ಹೊರತುಪಡಿಸಿ ಸ್ಥಳೀಯ ಅಗತ್ಯಗಳಿಗೆ ಬಳಸಲು ಅವಕಾಶವಿತ್ತು. ಆದರೆ ಸ್ಪಷ್ಟ ಯೋಜನೆ ಮತ್ತು ಆದೇಶವಿಲ್ಲದೆ ಖಾಸಗಿ ಅಂಗಡಿಯ ಗೋಡೆಗೆ ಪಂಚಾಯಿತಿ ನಿಧಿಯನ್ನು ವ್ಯಯಿಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುವುದು ಸಹಜ. ಹೀಗಾಗಿ ಪಂಚಾಯಿತಿಯ ಹಣ ಮುಂಭಾಗದ ಸಾರ್ವಜನಿಕ ಅರ್ಧಕ್ಕೆ ಹೋಗಲಿ. ಖಾಸಗಿ ಅರ್ಧಕ್ಕೆ ಪಂಚಾಯಿತಿಯು ಸಾಲದ ದಾರಿ ತೋರಿಸಲಿ.

ಸಾರ್ವಜನಿಕ ಅರ್ಧವೆಂದರೆ ಮುಚ್ಚಿದ ಚರಂಡಿ, ಸಮತಟ್ಟಾದ ಹಾಸುಗಲ್ಲು, ಗಾಲಿಕುರ್ಚಿ ಏರಬಲ್ಲ ಇಳಿಜಾರು, ಕಸದ ಬುಟ್ಟಿ, ಸಂಜೆಯ ಬೆಳಕು. ರಸ್ತೆ ಲೋಕೋಪಯೋಗಿ ಇಲಾಖೆಯದಾಗಿದ್ದರೆ ಕೆಲಸಕ್ಕೆ ಮೊದಲು ಅದರ ಅನುಮತಿ ಬೇಕು. ಖಾಸಗಿ ಅರ್ಧಕ್ಕೆ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ ಸಾಲವಿದೆ. ಅಂಗಡಿ ನಡೆಸುವ ಮಹಿಳೆಯರು ಸಂಜೀವಿನಿ ಸ್ವಸಹಾಯ ಸಂಘದ ಸದಸ್ಯರಾಗಿದ್ದರೆ ಒಕ್ಕೂಟದ ಮೂಲಕವೂ ಸಾಲ ಪಡೆಯಬಹುದು. ಬ್ಯಾಂಕ್ ವ್ಯವಸ್ಥಾಪಕರನ್ನು ಒಂದು ದಿನ ಪಂಚಾಯಿತಿ ಕಚೇರಿಗೆ ಕರೆಸಿ ಅರ್ಜಿಗಳನ್ನು ಅಲ್ಲಿಯೇ ತುಂಬಿಸಿದರೆ ಅನೇಕರ ಅಲೆದಾಟ ತಪ್ಪುತ್ತದೆ.

ಕಾಮಗಾರಿಯ ಕಾಲವೂ ಮುಖ್ಯ. ಬಸವನಗುಡಿಯ ಗಾಂಧಿ ಬಜಾರ್‌ನಲ್ಲಿ ಪಾದಚಾರಿಗಳಿಗೆ ಅನುಕೂಲವಾಗಲೆಂದು ಕೈಗೊಂಡ ಪುನರಭಿವೃದ್ಧಿ ದೀರ್ಘಕಾಲ ನಡೆಯಿತು. ಬೀದಿ ಅಗೆದಿದ್ದಷ್ಟು ದಿನ ವ್ಯಾಪಾರ ಕುಸಿಯಿತೆಂದು ಅಂಗಡಿಯವರೂ ಬೀದಿಬದಿ ವ್ಯಾಪಾರಿಗಳೂ ದೂರಿದರು. ದಿನದ ದುಡಿಮೆಯಲ್ಲಿ ಬದುಕುವವನಿಗೆ ಆರು ತಿಂಗಳ ಅಗೆತವು ಮುಂದೆ ಬರುವ ಅಂದಕ್ಕಿಂತ ದೊಡ್ಡ ನಷ್ಟ. ಆದುದರಿಂದ ಹಬ್ಬ, ಜಾತ್ರೆ, ಸಂತೆಯ ದಿನಗಳನ್ನು ಬಿಟ್ಟು, ಬೀದಿಯ ಒಂದು ಬದಿಯನ್ನು ಮುಗಿಸಿದ ಮೇಲೆ ಇನ್ನೊಂದು ಬದಿಯನ್ನು ಕೈಗೆತ್ತಿಕೊಳ್ಳಬೇಕು.

ಅಂಗಡಿಸಾಲು ಅಂದವಾಗಬೇಕೆಂಬ ನೆಪದಲ್ಲಿ ಅದರ ಎದುರು ಹೂವು, ತರಕಾರಿ ಮಾರುವವರನ್ನು ಎಬ್ಬಿಸುವುದೂ ಸಲ್ಲದು. ಅವರಿಗಾಗಿ ಬರುವ ಗಿರಾಕಿಯೇ ಅಂಗಡಿಗೂ ಬರುತ್ತಾನೆ. ನಕ್ಷೆಯಲ್ಲಿ ಅವರ ಜಾಗವನ್ನು ಮೊದಲು ಗುರುತಿಸಿ, ಆಮೇಲೆ ಕಾಮಗಾರಿಯ ಅಂದಾಜುಪಟ್ಟಿ ಸಿದ್ಧಪಡಿಸುವುದು ಯೋಗ್ಯ.

ಸದಸ್ಯರು ಕೈಗೊಳ್ಳಬಹುದಾದ ಕ್ರಮ ಹೀಗಿದೆ. ವಾರ್ಡ್ ಸಭೆಗೆ ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಂದಿಗೆ ಅಂಗಡಿಬೀದಿಯಲ್ಲಿ ಒಮ್ಮೆ ಹಗಲು, ಒಮ್ಮೆ ಸಂಜೆ ನಡೆದು ನ್ಯೂನತೆಗಳನ್ನು ಬರೆದುಕೊಳ್ಳಬೇಕು. ಬಾಡಿಗೆದಾರರು ಯಾರು, ಮಾಲೀಕರು ಯಾರು ಎಂಬ ಪಟ್ಟಿ ಮಾಡಬೇಕು. ಸಾರ್ವಜನಿಕ ಕೆಲಸಗಳನ್ನು ಗ್ರಾಮ ಸಭೆಯ ಒಪ್ಪಿಗೆಯೊಂದಿಗೆ ಪಂಚಾಯಿತಿಯ ಅಭಿವೃದ್ಧಿ ಯೋಜನೆಗೆ ಸೇರಿಸಬೇಕು. ಮುಂದೆ ಸರ್ಕಾರದ ಆದೇಶದಂತೆ ಅಂಗಡಿಗಳಿಗೆ ನೇರ ನೆರವು ಬಂದಲ್ಲಿ, ಫಲಾನುಭವಿಗಳ ಹೆಸರನ್ನು ಸಭೆಯಲ್ಲಿ ಓದಿ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಸಣ್ಣ ಅಂಗಡಿಗೆ ಮುಂಗಡ ಕಂತು ದೊರೆಯುವಂತೆಯೂ, ನಿಗದಿತ ಅವಧಿಯವರೆಗೆ ಬಾಡಿಗೆ ಏರಿಸುವುದಿಲ್ಲವೆಂದು ಮಾಲೀಕರು ಬರೆದುಕೊಡುವಂತೆಯೂ ಕೇಳಬೇಕು. ಸದಸ್ಯರ ಸಂಬಂಧಿಕರ ಅಂಗಡಿಯೇ ಪಟ್ಟಿಯ ಮೊದಲಲ್ಲಿದ್ದರೆ ಊರು ಅದನ್ನು ಮರೆಯುವುದಿಲ್ಲ.

ಅಂಗಡಿಯವರು ಪಂಚಾಯಿತಿಗೆ ತೆರಿಗೆ ಮತ್ತು ಪರವಾನಗಿ ಶುಲ್ಕ ಕಟ್ಟುವವರು. ಅವರ ಬಾಗಿಲಿಗೆ ಪಂಚಾಯಿತಿ ಪ್ರತಿ ಬಾರಿ ನೋಟಿಸು ಹಿಡಿದೇ ಹೋಗಬೇಕಾಗಿಲ್ಲ. ನಾಮಫಲಕದ ನಿಯಮವನ್ನು ತಿಳಿಸಲು ಹೋದ ದಿನವೇ ಚರಂಡಿಯ ಮೇಲಿನ ಒಡೆದ ಕಲ್ಲನ್ನೂ ಬರೆದುಕೊಂಡು ಬರಬಹುದು.