ಕೊಡದೊಳಗಿನ ಲೋಳೆ



ಕುಡಿಯುವ ನೀರಿನ ಕೊಡದ ಒಳಮೈಯನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿರಿ. ಕಣ್ಣಿಗೆ ಕಾಣದ ಲೋಳೆಯೊಂದು ಬೆರಳಿಗೆ ಜಾರುವುದುಂಟು. ಅದು ಸೂಕ್ಷ್ಮಜೀವಿಗಳ ಒಂದು ಊರೇ ಸರಿ. ನೀರಿನಲ್ಲಿ ತೇಲಿಬಂದ ಜೀವಿಗಳು ಪಾತ್ರೆಗೆ ಅಂಟಿ, ತಾವೇ ಸ್ರವಿಸಿದ ಅಂಟಿನ ಮರೆಯಲ್ಲಿ ನೆಲಸುತ್ತವೆ. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎನ್ನುವರು, ನಾವು ಜೀವಿಪದರವೆನ್ನೋಣ. ನಮ್ಮ ಹಲ್ಲಿನ ಪಾಚಿಯೂ ಇದೇ ಜಾತಿಯದು. ಹಾಲೆಂಡಿನ ಲೇವನ್‌ಹುಕ್ 1683ರಲ್ಲಿಯೇ ತನ್ನ ಹಲ್ಲಿನ ಪಾಚಿಯಲ್ಲಿ ಚಲಿಸುವ ಜೀವಿಗಳನ್ನು ಕಂಡು ಬರೆದಿಟ್ಟನು.

ಕಾರ್ಖಾನೆಗಳಿಗೂ ಇದರ ಕಾಟ ತಪ್ಪಿದ್ದಲ್ಲ. ತಂಪುಗೊಳಿಸುವ ಕೊಳವೆಗಳಲ್ಲಿ ಈ ಪದರವು ಶಾಖದ ಹಾದಿಗೆ ಅಡ್ಡಬರುತ್ತದೆ. ಗಾಳಿಯಾಡದ ಅದರ ಅಡಿಯಲ್ಲಿ ಕೆಲವು ಜೀವಿಗಳು ಕಬ್ಬಿಣವನ್ನು ಸವೆಯಿಸುತ್ತವೆ.

ಇನ್ನು ಮನೆಯ ಮಾತು. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸೀಮೆಯನ್ನು ನೆನೆಯಿರಿ. ವರ್ಷವಿಡೀ ಹರಿಯುವ ನದಿ ಅಲ್ಲಿಲ್ಲ; ಕೊಳವೆಬಾವಿಯೇ ಗತಿ. ತಾಲ್ಲೂಕಿನ ಎಷ್ಟೋ ಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿರುವುದರಿಂದ ಹಳ್ಳಿಹಳ್ಳಿಗೂ ಶುದ್ಧ ನೀರಿನ ಘಟಕಗಳು ಬಂದಿವೆ. ಇವುಗಳ ಸೂಕ್ಷ್ಮ ಪೊರೆ ಫ್ಲೋರೈಡನ್ನು ತಡೆಯುತ್ತದೆ. ಆದರೆ ಕ್ಲೋರಿನ್ ಆ ಪೊರೆಯನ್ನು ಕೆಡಿಸುವುದರಿಂದ, ನೀರಿನಲ್ಲಿ ಅದಿದ್ದರೆ ಮೊದಲೇ ಇದ್ದಿಲಿನಿಂದ ತೆಗೆಯತಕ್ಕದ್ದಾಗಿದೆ. ನಲ್ಲಿಯ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ಘಟಕದಿಂದ ಹೊರಟ ನೀರಿಗೆ ಆ ಕಾವಲು ಇಲ್ಲ. ಅದು ಎಷ್ಟೇ ನಿರ್ಮಲವಾಗಿರಲಿ, ಲೋಳೆ ಹಿಡಿದ ತೊಟ್ಟಿಗೋ ಕ್ಯಾನಿಗೋ ಬಿದ್ದೊಡನೆ ಜೀವಿಗಳು ಅದರಲ್ಲಿ ಬೆರೆಯುತ್ತವೆ. ದುಡ್ಡು ಕೊಟ್ಟು ತಂದ ಶುದ್ಧ ಜಲವೇ ಮಗುವಿನ ಹೊಟ್ಟೆಗೆ ಕಂಟಕವಾಗಬಹುದು.

ಇದಕ್ಕೆ ಪರಿಹಾರವೇನು? ಬಾಯಿ ಮುಕ್ಕಳಿಸಿದ ಮಾತ್ರಕ್ಕೆ ಹಲ್ಲಿನ ಪಾಚಿ ಹೋಗದಷ್ಟೆ. ಹಾಗೆಯೇ ಕ್ಯಾನನ್ನು ಕುಲುಕಿ ಚೆಲ್ಲಿದರೆ ಲೋಳೆ ಕಳಚದು. ಔಷಧವೂ ಅಂಟಿನ ಒಳಕ್ಕೆ ಸುಲಭವಾಗಿ ಇಳಿಯದು. ಮೊದಲು ಉಜ್ಜಬೇಕು, ಬಳಿಕ ಬ್ಲೀಚಿಂಗ್ ಪುಡಿಯ ತೆಳುನೀರಿನಲ್ಲಿ ತೊಳೆದು, ಒಳ್ಳೆಯ ನೀರಿನಿಂದ ಜಾಲಿಸಿ, ಬೋರಲು ಹಾಕಿ ಒಣಗಿಸಬೇಕು. ನಮ್ಮ ಅಜ್ಜಿಯರು ಹುಣಿಸೆಹಣ್ಣು ಹಚ್ಚಿ ತಾಮ್ರದ ಬಿಂದಿಗೆಯನ್ನು ದಿನವೂ ತಿಕ್ಕುತ್ತಿದ್ದರು. ಬಿಂದಿಗೆಯ ಬಾಯೊಳಗೆ ಅವರ ಕೈ ಹೋಗುತ್ತಿತ್ತು. ಇಂದಿನ ಕ್ಯಾನಿನ ಕಿರಿದಾದ ಬಾಯಲ್ಲಿ ನಮ್ಮ ಕೈ ಹೋಗದು. ಆದುದರಿಂದ ಉದ್ದ ಹಿಡಿಯ ಕುಂಚವನ್ನಿಟ್ಟುಕೊಳ್ಳಿರಿ. ಇಲ್ಲವೇ ಅಗಲಬಾಯಿಯ ಪಾತ್ರೆಯನ್ನೇ ಘಟಕಕ್ಕೆ ಒಯ್ಯಿರಿ. ಅಲ್ಲಿನ ತೊಟ್ಟಿಯನ್ನು ಎಂದು ಉಜ್ಜಿದರೆಂದು ಕೇಳಲೂ ಸಂಕೋಚಪಡಬೇಡಿರಿ.

ನೀರನ್ನು ಯಂತ್ರ ಶೋಧಿಸಿಕೊಡುತ್ತದೆ. ಪಾತ್ರೆಯನ್ನು ತಿಕ್ಕುವ ಹೊಣೆ ಮಾತ್ರ ಇಂದಿಗೂ ನಮ್ಮ ಕೈಯದೇ.